ಕಿಟಕಿಯಿಂದ ಬಿದ್ದ ಹೊನ್ನಿನ ಗಂಟು

ಹೋದ ಡಿಸೆಂಬರ್ ತಿಂಗಳು. ಶಾಲೆಗಳಿಗೆ ಕ್ರಿಸ್‌ಮಸ್ ರಜೆ ಕೊಡುವ ದಿನ. ಸಂಜೆ ದೀಪ ಹಚ್ಚಿ, ರಾತ್ರಿಯ ಸಾರಿಗೆ ಬೇಳೆ ಇಡುವ ಹೊತ್ತಿಗೆ ಪಕ್ಕದ ಮನೆಯಾಕೆ ಮಗನ ಕೈ ಹಿಡಿದುಕೊಂಡು ಬಂದಳು. ಹುಡುಗ ಒಂದನೇ ಕ್ಲಾಸು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ಅಕ್ಕಾ, ಇವನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ. ನನ್ನ ಮಾತು ಕೇಳ್ತಾನೇ ಇಲ್ಲ" ಎಂದಳು.

ಏನಾಯಿತೆಂದು ವಿಚಾರಿಸಿದೆ. ಆ ದಿನ ಶಾಲೆಗೆ ಸಾಂತಾ ಕ್ಲಾಸ್ ಬಂದಿದ್ದನಂತೆ. ಕೆಂಪು ನಿಲುವಂಗಿ, ಹತ್ತಿಯ ಗಡ್ಡ, ಹೆಗಲ ಮೇಲೆ ಚೀಲ. ಒಬ್ಬೊಬ್ಬರ ಹೆಸರು ಕೂಗಿ ಬಣ್ಣದ ಕಾಗದ ಸುತ್ತಿದ ಪೊಟ್ಟಣ ಕೊಟ್ಟನಂತೆ. ಇವನ ಹೆಸರು ಕೂಗಲೇ ಇಲ್ಲ. ಕೊನೆಗೆ ಎರಡು ಚಾಕಲೇಟು ಕೈಗಿಟ್ಟು ಕಳಿಸಿದರಂತೆ. ಬೆಳಿಗ್ಗೆ ಟೀಚರು, "ಒಳ್ಳೆ ಮಕ್ಕಳಿಗೆ ಮಾತ್ರ ಸಾಂತಾ ತಾತ ಉಡುಗೊರೆ ಕೊಡ್ತಾನೆ" ಎಂದು ಬೇರೆ ಹೇಳಿದ್ದರು. ಹುಡುಗ ನನ್ನ ಮುಖ ನೋಡಿ ಕೇಳಿದ:

"ದೊಡ್ಡಮ್ಮ, ನಾನು ಕೆಟ್ಟವನಾ?"

ನಿಜ ಸಂಗತಿ ನಿಮಗೆ ಆಗಲೇ ಹೊಳೆದಿರಬೇಕು. ಆ ಪೊಟ್ಟಣಗಳನ್ನು ಮಕ್ಕಳಿಗೆ ಗೊತ್ತಾಗದಂತೆ ಮನೆಯವರೇ ಹಿಂದಿನ ದಿನ ಕಳಿಸಬೇಕಾಗಿತ್ತು. ಹಾಗೆಂದು ಡೈರಿಯಲ್ಲಿ ಇಂಗ್ಲಿಷ್ ಚೀಟಿಯೊಂದನ್ನು ಅಂಟಿಸಿದ್ದರು. ಈ ತಾಯಿ ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ. ಗಂಡ ಲಾರಿ ಮೇಲೆ ಪರ ಊರಿಗೆ ಹೋಗಿದ್ದ. ಚೀಟಿ ಡೈರಿಯಲ್ಲೇ ಉಳಿಯಿತು, ಮಗು ಕೆಟ್ಟವನಾಯಿತು!

ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲು ನನಗೂ ತೋಚಲಿಲ್ಲ. ಈ ಸಾಂತಾ ತಾತ ಎಲ್ಲಿಂದ ಬಂದ? ಒಳ್ಳೆಯ ಮಕ್ಕಳು, ಕೆಟ್ಟ ಮಕ್ಕಳು ಎಂದು ಲೆಕ್ಕ ಬರೆಯುವ ಶ್ಯಾನುಭೋಗಿಕೆ ಅವನಿಗೆ ಯಾರು ವಹಿಸಿದರು? ಅವನ ಹಿಂದೆ ಹೊರಟರೆ ಯೂರೋಪಿನ ಊರೂರುಗಳಲ್ಲಿ ಚಳಿಗಾಲದ ರಾತ್ರಿ ಮಕ್ಕಳಿಗಾಗಿ ಬರುವ ಒಂದು ದೊಡ್ಡ ದಂಡೇ ಸಿಗುತ್ತದೆ. ಬಿಷಪ್ಪರು, ರಾಜರು, ಕೊಂಬಿನ ಭೂತಗಳು, ಅಡುಗೆಮನೆ ಕಳ್ಳರು, ಕಸಬರಿಗೆ ಹಿಡಿದ ಅಜ್ಜಿ! ಬನ್ನಿ, ನಿಮಗೂ ಅವರನ್ನು ಪರಿಚಯಿಸುತ್ತೇನೆ.

ಮೂರು ಹೆಣ್ಣುಮಕ್ಕಳ ತಂದೆ

ಕಥೆ ಶುರುವಾಗುವುದು ಹಿಮ ಬೀಳುವ ದೇಶದಲ್ಲಿ ಅಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಮೈರಾ ಎಂಬ ಊರಿತ್ತು. ಇಂದಿನ ತುರ್ಕಿ ದೇಶದ ಡೆಮ್ರೆ ಎಂಬ ಊರು ಇರುವುದು ಅಲ್ಲೇ. ಸುಮಾರು 1,700 ವರ್ಷಗಳ ಹಿಂದೆ, ನಾಲ್ಕನೆಯ ಶತಮಾನದಲ್ಲಿ, ಅಲ್ಲಿ ನಿಕೋಲಾಸ್ ಎಂಬ ಬಿಷಪ್ ಇದ್ದರೆಂದು ಹೇಳುತ್ತಾರೆ. ಅವರ ಸುತ್ತ ಬೆಳೆದ ಕಥೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಇದು.

ಒಬ್ಬ ಗೃಹಸ್ಥನಿಗೆ ಮೂರು ಹೆಣ್ಣುಮಕ್ಕಳು. ಒಂದು ಕಾಲದಲ್ಲಿ ಚೆನ್ನಾಗಿ ಬಾಳಿದ ಮನೆ. ಆಮೇಲೆ ಕೈ ಬರಿದಾಯಿತು. ವರದಕ್ಷಿಣೆ ಕೊಡದೆ ಮದುವೆ ಆಗುವಂತಿಲ್ಲ. ಮಕ್ಕಳನ್ನು ಕೆಟ್ಟ ದಾರಿಗೆ ಮಾರಿಬಿಡುವುದೊಂದೇ ಉಳಿದದ್ದು ಎನ್ನುವಷ್ಟು ಗತಿ ಕೆಟ್ಟಿತು. ನಿಕೋಲಾಸರಿಗೆ ಸುದ್ದಿ ತಿಳಿಯಿತು. ಒಂದು ರಾತ್ರಿ ಸದ್ದಿಲ್ಲದೆ ಬಂದು ಆ ಮನೆಯ ಕಿಟಕಿಯಿಂದ ಹೊನ್ನಿನ ಗಂಟೊಂದನ್ನು ಒಳಗೆಸೆದು ಹೋದರು. ಹಿರಿಯ ಮಗಳ ಮದುವೆಯಾಯಿತು. ಇನ್ನೊಂದು ರಾತ್ರಿ ಇನ್ನೊಂದು ಗಂಟು, ಎರಡನೆಯವಳ ಮದುವೆ. ಮೂರನೆಯ ಸಲ ಆ ತಂದೆ, ಯಾರಿದು ನೋಡಿಯೇ ಬಿಡೋಣ ಎಂದು ನಿದ್ದೆಗೆಟ್ಟು ಕಾದಿದ್ದು, ಓಡಿಹೋಗಿ ಹಿಡಿದುಕೊಂಡು ಕಾಲಿಗೆ ಬಿದ್ದ. ಆಗ ನಿಕೋಲಾಸರು ಕೇಳಿದ್ದು ಒಂದೇ ಮಾತು: ನಾನು ಬದುಕಿರುವವರೆಗೆ ಇದನ್ನು ಯಾರಿಗೂ ಹೇಳಬೇಡ.

ವರದಕ್ಷಿಣೆ ಎಂದ ಕೂಡಲೇ ನಮ್ಮ ಹೊಟ್ಟೆಯಲ್ಲಿ ಚುರುಕ್ ಎನ್ನುತ್ತದೆ, ಅಲ್ಲವೆ? ನಮ್ಮ ದೇಶದಲ್ಲಿ 1961ರಲ್ಲೇ ಅದರ ವಿರುದ್ಧ ಕಾನೂನು ಬಂದರೂ ಹೆಣ್ಣು ಹೆತ್ತವರ ನಿದ್ದೆಗೇಡು ಪೂರ್ತಿ ತಪ್ಪಿಲ್ಲ. ಮಕ್ಕಳ ಆಟಿಕೆಯ ತಾತ ಎಂದು ನಾವು ತಿಳಿದವನ ಮೂಲ ಇಂಥ ಒಂದು ಮನೆಯ ಕಣ್ಣೀರಿನಲ್ಲಿದೆ.

ಈ ಕಥೆಯಲ್ಲಿ ಇನ್ನೂ ಒಂದು ವಿಷಯ ನೋಡಿ. ಆ ಮೂವರು ಹುಡುಗಿಯರು ಜಾಣೆಯರೋ, ಹೇಳಿದ ಮಾತು ಕೇಳುವವರೋ ಎಂದು ನಿಕೋಲಾಸರು ವಿಚಾರಿಸಲಿಲ್ಲ. ಆ ಮನೆಗೆ ಕಷ್ಟ ಬಂದಿದೆ ಎಂದಷ್ಟೇ ನೋಡಿದರು. ಕೊಟ್ಟರು, ಹೆಸರು ಮುಚ್ಚಿಟ್ಟರು.

1087ರಲ್ಲಿ ಇಟಲಿಯ ಬಾರಿ ಪಟ್ಟಣದ ನಾವಿಕರು ಮೈರಾದಲ್ಲಿದ್ದ ಅವರ ಅಸ್ಥಿಗಳನ್ನು ತಮ್ಮ ಊರಿಗೆ ಒಯ್ದರು. ಆಮೇಲಂತೂ ನಿಕೋಲಾಸರ ಕೀರ್ತಿ ಯೂರೋಪಿನ ತುಂಬ ಹಬ್ಬಿತು. ಡಿಸೆಂಬರ್ 6 ಅವರ ಹಬ್ಬ. ಕಿಟಕಿಯಿಂದ ಎಸೆದ ಹೊನ್ನು ಒಲೆಯ ಬಳಿ ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತು ಎಂದು ಕಥೆಗೆ ಬಾಲ ಬೆಳೆಯಿತು. ಮಕ್ಕಳು ಕಾಲುಚೀಲ ತೂಗುಹಾಕುವ ಪದ್ಧತಿಗೆ ಇದೇ ಕಾರಣ ಎನ್ನುತ್ತಾರೆ. ಅದರೊಳಗೆ ಕಿತ್ತಳೆ ಹಣ್ಣು ಇಡುವುದೂ ಆ ಹೊನ್ನಿನ ನೆನಪಿಗಾಗಿಯೇ ಅಂತೆ.

ಜೋಡಿನೊಳಗೆ ಕುದುರೆಗೆ ಹುಲ್ಲು

ಹಾಲೆಂಡಿನಲ್ಲಿ ಇವರೇ ಸಿಂಟರ್‌ಕ್ಲಾಸ್ ಆದರು. ಅಲ್ಲಿಯ ಮಕ್ಕಳಿಗೆ ಡಿಸೆಂಬರ್ 25ಕ್ಕಿಂತ ಡಿಸೆಂಬರ್ 5ರ ಸಂಜೆಯೇ ದೊಡ್ಡದು. ನವೆಂಬರ್ ನಡುವಿನಲ್ಲೇ ಸಿಂಟರ್‌ಕ್ಲಾಸ್ ಸ್ಪೇನ್ ದೇಶದಿಂದ ಉಗಿಹಡಗಿನಲ್ಲಿ ಬಂದು ಇಳಿಯುತ್ತಾನೆ. ಬಿಷಪ್ಪರ ಎತ್ತರದ ಟೋಪಿ, ಕೆಂಪು ನಿಲುವಂಗಿ, ಕೈಯಲ್ಲಿ ದಂಡ, ಏರಲು ಬಿಳಿ ಕುದುರೆ. ಪ್ರತಿ ವರ್ಷ ಒಂದೊಂದು ಊರಿನಲ್ಲಿ ಈ ಆಗಮನ. ಟೀವಿಯಲ್ಲಿ ನೇರ ತೋರಿಸುತ್ತಾರೆ. ಮನೆಮಂದಿಯೆಲ್ಲ ಕೂತು ನೋಡುತ್ತಾರೆ.

ಅಲ್ಲಿಂದ ಡಿಸೆಂಬರ್ 5ರವರೆಗೆ ಮಕ್ಕಳು ಕೆಲವು ರಾತ್ರಿ ಒಲೆಯ ಹತ್ತಿರ ತಮ್ಮ ಬೂಟು ಇಟ್ಟು ಮಲಗುತ್ತಾರೆ. ಬರಿ ಬೂಟು ಇಡುವಂತಿಲ್ಲ. ಸಿಂಟರ್‌ಕ್ಲಾಸನ ಕುದುರೆಗೆಂದು ಒಂದು ಕ್ಯಾರೆಟ್ಟೋ ಹಿಡಿ ಒಣಹುಲ್ಲೋ ಇಡಬೇಕು. ಬೆಳಿಗ್ಗೆ ಎದ್ದರೆ ಹುಲ್ಲು ಮಾಯ! ಅದರ ಜಾಗದಲ್ಲಿ ಮಗುವಿನ ಹೆಸರಿನ ಮೊದಲಕ್ಷರದ ಆಕಾರದ ಚಾಕಲೇಟು, ಮಸಾಲೆಯ ಪುಟ್ಟ ಬಿಸ್ಕತ್ತು. ಪಡೆಯುವುದಕ್ಕೆ ಮುಂಚೆ ಕೊಡುವುದನ್ನು, ಅದೂ ಒಂದು ಮೂಕ ಪ್ರಾಣಿಗೆ ಕೊಡುವುದನ್ನು ಕಲಿಸುವ ಈ ರೂಢಿ ನನಗಂತೂ ಬಹಳ ಹಿಡಿಸಿತು. (ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಆ ಹುಲ್ಲನ್ನು ಮಾಯ ಮಾಡುವ ಕೆಲಸ ಯಾರದೆಂದು ನಾನು ಹೇಳಬೇಕೆ? ನಿಮ್ಮಂಥ ಒಬ್ಬ ತಾಯಿಯದೇ!)

ಬೂಟು ಇಡುವ ರೂಢಿಯೂ ಬಡವರಿಂದಲೇ ಹುಟ್ಟಿದ್ದು. ಹದಿನೈದನೆಯ ಶತಮಾನದಲ್ಲಿ ಉಟ್ರೆಕ್ಟ್ ಎಂಬ ಪಟ್ಟಣದ ನಿಕೋಲಾಸರ ಇಗರ್ಜಿಯಲ್ಲಿ ಈ ಹಬ್ಬದ ಹಿಂದಿನ ದಿನ ಜೋಡುಗಳನ್ನಿಡುತ್ತಿದ್ದರು. ಉಳ್ಳವರು ಅದರೊಳಗೆ ಕಾಸು ಹಾಕುತ್ತಿದ್ದರು. ಅದು ಬಡವರಿಗೆ ಹಂಚಿಹೋಗುತ್ತಿತ್ತು. ಯಾರು ಎಷ್ಟು ಹಾಕಿದರೆಂದು ಬೂಟು ಹೇಳುತ್ತದೆಯೆ?

ಡಿಸೆಂಬರ್ 5ರ ಸಂಜೆ ದೊಡ್ಡವರೂ ಉಡುಗೊರೆ ಕೊಡುತ್ತಾರೆ. ಜೊತೆಗೊಂದು ಪ್ರಾಸದ ಪದ್ಯ ಇರಲೇಬೇಕು. ಪದ್ಯದಲ್ಲಿ ಪಡೆಯುವವರ ಕಾಲೆಳೆಯಬಹುದು. ಗೊರಕೆ ಹೊಡೆಯುವ ಯಜಮಾನರು, ಕನ್ನಡಕ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕುವ ಅಜ್ಜಿ, ಯಾರನ್ನೂ ಬಿಡುವುದಿಲ್ಲ. ಆದರೆ ಬರೆದವರ ಹೆಸರು ಹಾಕುವಂತಿಲ್ಲ. ಕೆಳಗೆ ಸಿಂಟರ್‌ಕ್ಲಾಸ್ ಎಂದೇ ಸಹಿ. ಥ್ಯಾಂಕ್ಸ್ ಹೇಳುವುದೂ ಅವನಿಗೇ.

ಬೆತ್ತ ಹಿಡಿದ ಜೊತೆಗಾರ

ಇಲ್ಲಿಯವರೆಗೆ ಎಲ್ಲ ಚೆಂದ. ಆದರೆ ಎಲ್ಲಿ ಉಡುಗೊರೆ ಬಂತೋ ಅಲ್ಲಿ ಹಿಂದೆಯೇ ಬೆತ್ತವೂ ಬಂತು.

ನಮ್ಮ ಮಕ್ಕಳನ್ನು ಮಲಗಿಸಲು ಗುಮ್ಮ ಬರ್ತಾನೆ ಅಂತೀವಲ್ಲ, ಹಾಗೆ ಅಲ್ಲಿಯೂ ಗುಮ್ಮಗಳುಂಟು. ಆಸ್ಟ್ರಿಯಾ ಮತ್ತು ದಕ್ಷಿಣ ಜರ್ಮನಿಯ ಬೆಟ್ಟದೂರುಗಳಲ್ಲಿ ಡಿಸೆಂಬರ್ 5ರ ರಾತ್ರಿ ನಿಕೋಲಾಸರ ಜೊತೆ ಕ್ರಾಂಪುಸ್ ಎಂಬಾತ ಹೊರಡುತ್ತಾನೆ. ತಲೆಗೆ ಮೇಕೆಯ ಕೊಂಬು, ಮೈತುಂಬ ರೋಮ, ಹೊರಚಾಚಿದ ಕೆಂಪು ನಾಲಿಗೆ, ಸೊಂಟಕ್ಕೆ ಗಂಟೆಗಳು, ಕೈಯಲ್ಲಿ ಬರ್ಚ್ ಮರದ ಕಡ್ಡಿಗಳ ಕಟ್ಟು. ಊರ ಯುವಕರು ಮರದಲ್ಲಿ ಕೆತ್ತಿದ ಮುಖವಾಡ ಹಾಕಿ ಬೀದಿಯಲ್ಲಿ ಕುಣಿಯುತ್ತಾ ಬರುತ್ತಾರೆ. ಕೆಟ್ಟ ಮಕ್ಕಳನ್ನು ಬೆನ್ನಿನ ಬುಟ್ಟಿಗೆ ಹಾಕಿಕೊಂಡು ಹೋಗುತ್ತಾನೆ ಎಂದು ಹೆದರಿಕೆ. ಜರ್ಮನಿಯಲ್ಲಿ ಇವನ ಕೆಲಸ ಮಾಡುವವನು ಕ್ನೆಕ್ಟ್ ರುಪ್ರೆಕ್ಟ್. ಪೂರ್ವ ಫ್ರಾನ್ಸಿನಲ್ಲಿ ಪೇರ್ ಫುಯೆತಾರ್, ಅಂದರೆ ಚಾಟಿಯ ಅಪ್ಪ. ಹೆಸರೇ ಹೇಳುತ್ತದೆ ಅವನ ಕಸುಬು!

ಹಾಲೆಂಡಿನಲ್ಲಿ ಇದು ಬೇರೊಂದು ರೂಪ ತಳೆಯಿತು. ಸಿಂಟರ್‌ಕ್ಲಾಸನ ಆಳಾಗಿ ಕರಿ ಪೀಟ್ ಎಂಬವನು ಬಂದ. 1850ರಲ್ಲಿ ಯಾನ್ ಶೆಂಕ್‌ಮನ್ ಎಂಬ ಶಾಲಾ ಮೇಷ್ಟರು ಬರೆದ ಮಕ್ಕಳ ಪುಸ್ತಕದಲ್ಲಿ ಈ ಕಪ್ಪು ಆಳು ಕಾಣಿಸಿಕೊಂಡ ಮೇಲೆ ಅವನ ಚಿತ್ರ ಮನೆಮನೆಗೂ ಹೋಯಿತು. ಬಿಳಿಯ ಜನ ಮುಖಕ್ಕೆ ಕಪ್ಪು ಬಳಿದು, ತುಟಿಗೆ ದಪ್ಪಗೆ ಕೆಂಪು ಹಚ್ಚಿ, ಗುಂಗುರು ಕೂದಲ ಟೋಪನ್ ಹಾಕಿ ಕುಣಿಯುತ್ತಿದ್ದರು. ಅದೇ ಬೀದಿಯಲ್ಲಿ ಕಪ್ಪು ಮೈಯ ಮಕ್ಕಳೂ ಇದ್ದರು. ಅವರನ್ನು ಶಾಲೆಯಲ್ಲಿ ಉಳಿದವರು ಏನೆಂದು ಕರೆದಿರಬಹುದು? ನೀವೇ ಊಹಿಸಿ. 2011ರಿಂದ ಪ್ರತಿಭಟನೆ ಜೋರಾಯಿತು. ಇದು ನಮ್ಮ ಹಳೆಯ ಸಂಪ್ರದಾಯ, ಮುಟ್ಟಬೇಡಿ ಎಂದು ಅನೇಕರು ಹಟ ಹಿಡಿದರು. ಆದರೂ 2019ರಿಂದ ಟೀವಿಯ ಆಗಮನದಲ್ಲಿ ಪೂರ್ತಿ ಕಪ್ಪು ಬಳಿಯುವುದನ್ನು ಬಿಟ್ಟು, ಚಿಮಣಿಯೊಳಗಿಂದ ಇಳಿದವನಂತೆ ಕೆನ್ನೆಗೆ ನಾಲ್ಕು ಮಸಿಗೀರು ಎಳೆದುಕೊಳ್ಳುತ್ತಾರೆ. ತಮ್ಮ ಅಭಿಪ್ರಾಯ ಬದಲಾಗಿದೆಯೆಂದು ಅಂದಿನ ಪ್ರಧಾನಿ ಮಾರ್ಕ್ ರುಟ್ಟೆಯವರೇ 2020ರಲ್ಲಿ ಪಾರ್ಲಿಮೆಂಟಿನಲ್ಲಿ ಹೇಳಿದರು. "ಕಪ್ಪಗಾಗ್ತೀಯ, ಬಿಸಿಲಿಗೆ ಹೋಗಬೇಡ" ಎಂದು ಹೆಣ್ಣುಮಕ್ಕಳನ್ನು ಗದರಿಸುವ ನಾವೂ ಈ ಸಂಗತಿಯನ್ನು ಸ್ವಲ್ಪ ಯೋಚಿಸಬೇಕು.

ಹದಿಮೂರು ಅಡುಗೆಮನೆ ಕಳ್ಳರು

ಗುಮ್ಮನನ್ನು ಸರ್ಕಾರವೇ ನಿಷೇಧಿಸಿದ್ದುಂಟೆ? ಐಸ್‌ಲ್ಯಾಂಡಿನಲ್ಲಿ ಉಂಟು! ಉತ್ತರ ತುದಿಯ ಆ ದ್ವೀಪದಲ್ಲಿ ಡಿಸೆಂಬರಿನಲ್ಲಿ ಹಗಲೆಂಬುದು ನಾಲ್ಕೈದು ಗಂಟೆ ಮಾತ್ರ. ಅಂಥ ಕತ್ತಲೆಯಲ್ಲಿ ಗ್ರೀಲಾ ಎಂಬ ರಾಕ್ಷಸಿಯೂ ಅವಳ ಗಂಡುಮಕ್ಕಳೂ ಬೆಟ್ಟದಿಂದಿಳಿದು ಮಕ್ಕಳನ್ನು ಹಿಡಿಯುತ್ತಾರೆಂದು ಹೆದರಿಸುತ್ತಿದ್ದರು. ಮಕ್ಕಳು ಎಷ್ಟು ನಡುಗುತ್ತಿದ್ದರೆಂದರೆ, ಇಂಥ ಭೂತಗಳ ಹೆಸರಿನಲ್ಲಿ ಮಕ್ಕಳನ್ನು ಬೆದರಿಸಕೂಡದೆಂದು 1746ರಲ್ಲಿ ಆಜ್ಞೆಯೇ ಹೊರಟಿತು.

ಕಾಲ ಕಳೆದಂತೆ ಆ ರಾಕ್ಷಸಿಯ ಮಕ್ಕಳು ಬರಿಯ ತುಂಟರಾದರು. 1932ರಲ್ಲಿ ಯೋಹಾನ್ನೆಸ್ ಊರ್ ಕೋತ್ಲುಮ್ ಎಂಬ ಕವಿಯ ಮಕ್ಕಳ ಪದ್ಯ ಅಚ್ಚಾದ ಮೇಲೆ ಅವರ ಸಂಖ್ಯೆ ಹದಿಮೂರೆಂದು ಗಟ್ಟಿಯಾಯಿತು. ಕ್ರಿಸ್‌ಮಸ್ಸಿಗೆ ಹದಿಮೂರು ದಿನ ಮೊದಲಿನಿಂದ ದಿನಕ್ಕೊಬ್ಬನಂತೆ ಊರಿಗೆ ಬರುತ್ತಾರೆ. ಅವರ ಹೆಸರು ಕೇಳಿದರೆ ನಿಮಗೆ ನಗು ಬರುತ್ತದೆ. ಒಬ್ಬ ಸೌಟು ನೆಕ್ಕುವವ, ಒಬ್ಬ ಪಾತ್ರೆಯ ತಳ ಕೆರೆಯುವವ, ಒಬ್ಬ ಬಟ್ಟಲು ನೆಕ್ಕುವವ. ಗಟ್ಟಿ ಮೊಸರಿನಂಥ ಸ್ಕೀರ್ ಕಬಳಿಸುವವನೊಬ್ಬ, ಮೇಣದಬತ್ತಿ ಕದಿಯುವವನೊಬ್ಬ, ಕಿಟಕಿಯಲ್ಲಿ ಇಣುಕುವವನೊಬ್ಬ, ರಾತ್ರಿ ಬಾಗಿಲು ದಡಾರನೆ ಬಡಿಯುವವನೊಬ್ಬ. ನಮ್ಮ ನಿಮ್ಮ ಮನೆಯಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇದ್ದಾರೆ ಬಿಡಿ!

ಮಕ್ಕಳು ಕಿಟಕಿಯಲ್ಲಿ ಬೂಟು ಇಡುತ್ತಾರೆ. ಹದಿಮೂರು ಬೆಳಗೂ ಒಂದೊಂದು ಸಣ್ಣ ವಸ್ತು ಸಿಗುತ್ತದೆ. ಹಿಂದಿನ ದಿನ ರಂಪ ಮಾಡಿದ್ದರೆ? ಒಂದು ಆಲೂಗಡ್ಡೆ. ಆದರೆ ನಾಳೆಗೆ ಇನ್ನೊಬ್ಬ ತುಂಟ ಬರುತ್ತಾನಲ್ಲ, ತಿದ್ದಿಕೊಳ್ಳಲು ಅವಕಾಶ ಉಂಟು.

ಇದೇ ಊರಿನ ಕ್ರಿಸ್‌ಮಸ್ ಬೆಕ್ಕಿನ ಕಥೆ ಮಾತ್ರ ನನಗೆ ಕಹಿಯೆನಿಸಿತು. ಹಬ್ಬಕ್ಕೆ ಹೊಸ ಬಟ್ಟೆ ಸಿಗದವರನ್ನು ಆ ದೈತ್ಯ ಬೆಕ್ಕು ತಿಂದುಬಿಡುತ್ತದಂತೆ. ಹೊಸ ಬಟ್ಟೆ ಇಲ್ಲದ್ದು ಯಾವ ಮಗುವಿನ ತಪ್ಪು ಹೇಳಿ? ಆದರೆ ಅಲ್ಲಿಯೂ ಕೆಲವರು ಈ ಕಥೆಯಿಂದ ಒಳ್ಳೆಯ ಅರ್ಥವನ್ನೇ ತೆಗೆಯುತ್ತಾರೆ: ಬೆಕ್ಕಿನ ಬಾಯಿಂದ ತಪ್ಪಿಸಲು ಇಲ್ಲದವರಿಗೆ ಒಂದು ಜೊತೆ ಬಟ್ಟೆ ಕೊಡಿ ಎಂದು.

ಕಣ್ಣಿಗೆ ಬೀಳದ ಕೂಸು

ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಮತ್ತು ಅವರ ಅನುಯಾಯಿಗಳು ಸಂತರ ಪೂಜೆ ಬೇಡವೆಂದರು. ಹಾಗಾದರೆ ಮಕ್ಕಳಿಗೆ ಉಡುಗೊರೆ ತರುವವರು ಯಾರು? ಜರ್ಮನಿಯಲ್ಲಿ ಆ ಕೆಲಸ ಕ್ರಿಸ್ಟ್‌ಕಿಂಡ್, ಅಂದರೆ ಕ್ರಿಸ್ತ ಶಿಶುವಿಗೆ ಬಂತು. ದಿನವೂ ಕ್ರಿಸ್‌ಮಸ್ಸಿಗೆ ಜರುಗಿತು. ಇಂದು ಆಸ್ಟ್ರಿಯಾ, ಬವೇರಿಯಾ ಕಡೆ ಡಿಸೆಂಬರ್ 24ರ ಸಂಜೆ ಕೋಣೆಯ ಬಾಗಿಲು ಮುಚ್ಚಿ ಒಳಗೆ ಮರ ಸಿಂಗರಿಸುತ್ತಾರೆ. ಪುಟ್ಟ ಗಂಟೆ ಟಿಣ್ ಎಂದಾಗ ಬಾಗಿಲು ತೆರೆಯುತ್ತದೆ. ದೀಪ, ಮರ, ಉಡುಗೊರೆ ಎಲ್ಲ ಇದೆ. ತಂದ ಕೂಸು ಮಾತ್ರ ಆಗಲೇ ಹೊರಟುಹೋಗಿದೆ.

ನ್ಯೂರೆಂಬರ್ಗ್ ಪಟ್ಟಣದಲ್ಲಿ ಎರಡು ವರ್ಷಕ್ಕೊಮ್ಮೆ ಒಬ್ಬ ಹುಡುಗಿಯನ್ನು ಈ ಕ್ರಿಸ್ಟ್‌ಕಿಂಡ್ ಆಗಿ ಆರಿಸುತ್ತಾರೆ. ಬಂಗಾರದ ಗುಂಗುರು ಕೂದಲು, ಕಿರೀಟ ಧರಿಸಿ ಅವಳು ಇಗರ್ಜಿಯ ಉಪ್ಪರಿಗೆಯಿಂದ ಕ್ರಿಸ್‌ಮಸ್ ಸಂತೆಯನ್ನು ಉದ್ಘಾಟಿಸುತ್ತಾಳೆ. 2019ರಲ್ಲಿ ಆರಿಸಿದ ಹದಿನೇಳು ವರ್ಷದ ಹುಡುಗಿಯ ತಂದೆ ಭಾರತ ಮೂಲದವರು. ಅವಳ ಬಣ್ಣ ನೋಡಿ ಒಂದು ರಾಜಕೀಯ ಪಕ್ಷದ ಸ್ಥಳೀಯ ಘಟಕ ಕೊಂಕು ಮಾತಾಡಿತು. ಆದರೆ ಊರಿನವರು, ಹೊರಗಿನವರು ಅವಳ ಬೆಂಬಲಕ್ಕೆ ನಿಂತರು. ಆ ವರ್ಷ ಸಂತೆಗೆ ಬಾಗಿಲು ತೆರೆದವಳು ಅವಳೇ.

ಕಸಬರಿಗೆ ಹಿಡಿದ ಅಜ್ಜಿ

ಇನ್ನು ನನ್ನ ಮೆಚ್ಚಿನವಳು. ಇಟಲಿಯ ಬೆಫಾನಾ ಅಜ್ಜಿ.

ಬಾಲ ಯೇಸುವನ್ನು ನೋಡಲು ಪೂರ್ವದೇಶದಿಂದ ಮೂವರು ಜ್ಞಾನಿಗಳು ನಕ್ಷತ್ರದ ಹಾದಿ ಹಿಡಿದು ಹೊರಟಿದ್ದರು. ದಾರಿಯಲ್ಲಿ ಒಬ್ಬ ಮುದುಕಿಯ ಮನೆಗೆ ಬಂದು ದಾರಿ ಕೇಳಿದರು. "ನೀನೂ ನಮ್ಮೊಡನೆ ಬಾ ತಾಯಿ" ಎಂದು ಕರೆದರು. ಅವಳ ಕೈಯಲ್ಲಿ ಕಸಬರಿಗೆ. "ಅಯ್ಯೋ, ಇನ್ನೂ ಮನೆ ಗುಡಿಸಿಲ್ಲ, ಪಾತ್ರೆ ತೊಳೆದಿಲ್ಲ, ನಾನೆಲ್ಲಿ ಬರಲಿ" ಎಂದಳು. ಅವರು ಹೊರಟುಹೋದರು. ಆಮೇಲೆ ಅವಳ ಮನಸ್ಸಿಗೆ ತಡೆಯಲಿಲ್ಲ. ಬುಟ್ಟಿಯ ತುಂಬ ತಿಂಡಿ ತುಂಬಿಕೊಂಡು ಹಿಂದೆಯೇ ಓಡಿದಳು. ಅವರೂ ಸಿಗಲಿಲ್ಲ, ಕೂಸೂ ಸಿಗಲಿಲ್ಲ. ಅಂದಿನಿಂದ ಪ್ರತಿ ವರ್ಷ ಜನವರಿ 5ರ ರಾತ್ರಿ ಅವಳು ಹರಿದ ಸೆರಗು ಹೊದ್ದು, ಕಸಬರಿಗೆಯ ಮೇಲೆ ಕೂತು ಮನೆಮನೆಗೆ ಹೋಗುತ್ತಾಳೆ. ಇದೇ ಆ ಕೂಸು ಇರಬಹುದೇನೋ ಎಂದು ಪ್ರತಿ ಮಗುವಿನ ಕಾಲುಚೀಲಕ್ಕೂ ತಿಂಡಿ ತುಂಬುತ್ತಾಳೆ. ಕೆಲವು ಕಡೆ ಹೇಳುವಂತೆ, ಹೊರಡುವ ಮುಂಚೆ ಆ ಮನೆಯ ನೆಲವನ್ನೂ ಗುಡಿಸಿಹೋಗುತ್ತಾಳೆ!

ಓದಿ ನನಗೆ ನಗುವೂ ಬಂತು, ಗಂಟಲೂ ಕಟ್ಟಿತು. ಅಕ್ಕನ ಮನೆಯ ಗೃಹಪ್ರವೇಶಕ್ಕೆ, ಗೆಳತಿಯ ಮಗಳ ನಾಟ್ಯಕ್ಕೆ, ಮಗನೇ ಕರೆದ ಶಾಲೆಯ ಆಟಕ್ಕೆ "ಕೆಲಸ ಮುಗಿದಿಲ್ಲ" ಎಂದು ಹೋಗದೆ ಉಳಿದವರು ನಮ್ಮಲ್ಲಿ ಎಷ್ಟು ಜನ! ಕೆಲಸ ಎಂದಾದರೂ ಮುಗಿದದ್ದುಂಟೆ?

ಬೆಫಾನಾ ಕೂಡ ಕೆಟ್ಟ ಮಕ್ಕಳಿಗೆ ಇದ್ದಿಲು ಇಡುತ್ತಾಳೆ. ಆದರೆ ಇಂದು ಆ ಇದ್ದಿಲು ಸಕ್ಕರೆಯದು. ಕಪ್ಪು ಬಣ್ಣ ಹಾಕಿದ ಸಕ್ಕರೆಯ ಗಟ್ಟಿಯನ್ನು ಅಂಗಡಿಯಲ್ಲಿ ಮಾರುತ್ತಾರೆ. ಬೈಗುಳವೂ ಬಾಯಲ್ಲಿ ಕರಗುತ್ತದೆ. 1977ರಲ್ಲಿ ಇಟಲಿಯ ಸರ್ಕಾರ ಜನವರಿ 6ರ ರಜೆಯನ್ನೇ ತೆಗೆದುಹಾಕಿತ್ತು. ಜನ ಸುಮ್ಮನಿರಲಿಲ್ಲ. 1985ರ ಕೊನೆಯಲ್ಲಿ ರಜೆಯನ್ನು ಮತ್ತೆ ಕೊಡಬೇಕಾಯಿತು. ಇನ್ನೊಂದು ಮಾತು: ಆ ರಾತ್ರಿ ಎಷ್ಟೋ ಮನೆಗಳಲ್ಲಿ ಅಜ್ಜಿಗೆಂದು ತಟ್ಟೆಯಲ್ಲಿ ಊಟ, ಒಂದು ಲೋಟ ದ್ರಾಕ್ಷಾರಸ ತೆಗೆದಿಡುತ್ತಾರೆ. ಊರಿಗೆಲ್ಲ ಬಡಿಸುವವಳೂ ಉಣ್ಣಬೇಕಲ್ಲ!

ಅದೇ ರಾತ್ರಿ ಸ್ಪೇನಿನಲ್ಲಿ ಆ ಮೂವರು ಜ್ಞಾನಿಗಳೇ ಮೆಲ್ಚೋರ್, ಗಾಸ್ಪಾರ್, ಬಲ್ತಾಸಾರ್ ಎಂಬ ರಾಜರಾಗಿ ಮೆರವಣಿಗೆಯಲ್ಲಿ ಬರುತ್ತಾರೆ. ಮಕ್ಕಳು ಅವರ ಒಂಟೆಗಳಿಗೆ ನೀರಿಡುತ್ತಾರೆ. ಮರುದಿನ ಉಂಗುರದ ಆಕಾರದ ಸಿಹಿ ರೊಟ್ಟಿ. ಅದರೊಳಗೆ ಒಂದು ಪುಟ್ಟ ಬೊಂಬೆ, ಒಂದು ಕಾಳು ಅಡಗಿಸಿರುತ್ತಾರೆ. ಬೊಂಬೆ ಸಿಕ್ಕವರು ಆ ದಿನದ ರಾಜ. ಕಾಳು ಸಿಕ್ಕವರು ರೊಟ್ಟಿಯ ದುಡ್ಡು ಕೊಡಬೇಕು!

ಕೆಂಪಂಗಿಯ ತಾತ

ಹಾಲೆಂಡಿನವರು ಅಮೆರಿಕಕ್ಕೆ ಹೋಗಿ ನೆಲಸಿದಾಗ ಸಿಂಟರ್‌ಕ್ಲಾಸನ ನೆನಪೂ ಹಡಗು ಹತ್ತಿತು. ಅಲ್ಲಿ ನಾಲಿಗೆ ತಿರುಗಿ ಸಾಂತಾ ಕ್ಲಾಸ್ ಆಯಿತು. 1823ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಪದ್ಯ ಅವನಿಗೆ ಎಂಟು ಹಿಮಸಾರಂಗಗಳ ಗಾಡಿ ಕೊಟ್ಟಿತು. 1863ರಿಂದ ಥಾಮಸ್ ನಾಸ್ಟ್ ಬಿಡಿಸಿದ ಚಿತ್ರಗಳು ಹೊಟ್ಟೆ, ಗಡ್ಡ ಕೊಟ್ಟವು. 1931ರಿಂದ ಕೋಕಾ ಕೋಲಾ ಜಾಹೀರಾತುಗಳು ಆ ಕೆಂಪಂಗಿಯ ನಗುಮುಖವನ್ನು ಲೋಕಕ್ಕೆಲ್ಲ ಹಂಚಿದವು. ಬಿಷಪ್ಪರ ದಂಡ ಹೋಯಿತು, ಮೈರಾ ಹೋಯಿತು, ಮೂವರು ಹೆಣ್ಣುಮಕ್ಕಳ ಕಥೆ ಮರೆತೇಹೋಯಿತು. ಒಳ್ಳೆಯವರು ಕೆಟ್ಟವರು ಎಂಬ ಪಟ್ಟಿ ಮಾತ್ರ ಉಳಿದುಕೊಂಡು ನಮ್ಮ ಊರಿನ ಒಂದನೇ ಕ್ಲಾಸಿನವರೆಗೂ ಬಂತು.

ಹಾಗಾದರೆ ಮಗುವಿಗೆ ಏನು ಹೇಳೋಣ?

ಆ ಸಂಜೆ ನಾನು ಬೇಳೆಯ ಉರಿ ಸಣ್ಣ ಮಾಡಿ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೊತ್ತಿದ್ದಷ್ಟು ನಿಕೋಲಾಸರ ಕಥೆ ಹೇಳಿದೆ. ಕಿಟಕಿಯಿಂದ ಗಂಟು ಬಿದ್ದಲ್ಲಿ ಅವನ ಅಳು ನಿಂತಿತು. "ನಿಜವಾದ ತಾತ ಪಟ್ಟಿ ನೋಡಿ ಕೊಡೋನಲ್ಲ ಮರಿ. ಶಾಲೆಗೆ ಬಂದೋರು ಆ ತಾತನ ವೇಷ ಹಾಕಿದೋರು. ಅವರಿಗೆ ನಿನ್ನ ಪೊಟ್ಟಣ ತಲುಪಿರಲಿಲ್ಲ, ಅಷ್ಟೆ. ನಿಂದೇನೂ ತಪ್ಪಿಲ್ಲ" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಮೂರನೇ ಅಕ್ಕನಿಗೂ ಮದುವೆ ಆಯ್ತಾ?" ಎಂದು ಕೇಳಿದ. ಆಯ್ತು ಎಂದೆ.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬಂದರೆ ಈ ಕೆಲವು ಮಾತು ನೆನಪಿರಲಿ.

ಉಡುಗೊರೆಯನ್ನು ನಡತೆಗೆ ಸಂಬಳವೆಂದು ಕೊಡಬೇಡಿ. ಮಗು ತಪ್ಪು ಮಾಡಿದರೆ ಆ ತಪ್ಪನ್ನು ಅಂದೇ ಹೇಳಿ ತಿದ್ದಿ. ಹಬ್ಬದ ದಿನಕ್ಕೆ ಅದನ್ನು ಕೂಡಿಟ್ಟು ಎಲ್ಲರೆದುರು ಬರಿಗೈ ಮಾಡಬೇಡಿ. ಹಣವಿದ್ದವರ ಮಗುವಿಗೆ ದೊಡ್ಡ ಪೊಟ್ಟಣ, ಇಲ್ಲದವರ ಮಗುವಿಗೆ ಸಣ್ಣದು ಬಂದಾಗ, ಒಳ್ಳೆಯತನವೂ ಅಷ್ಟಷ್ಟೇ ಎಂದು ಮಕ್ಕಳು ಲೆಕ್ಕ ಹಾಕಿಬಿಡುತ್ತಾರೆ.

ಗುಮ್ಮನನ್ನು ಸೌಟು ನೆಕ್ಕುವವನನ್ನಾಗಿ ಮಾಡಿ. ಐಸ್‌ಲ್ಯಾಂಡಿನವರು ಮಾಡಿದ್ದು ಅದನ್ನೇ. ಹೆದರಿ ಮಲಗಿದ ಮಗುವಿಗಿಂತ ನಕ್ಕು ಮಲಗಿದ ಮಗುವಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

"ಸಾಂತಾ ನಿಜವಾಗ್ಲೂ ಇದಾನಾ?" ಎಂದು ಮಗು ಗಟ್ಟಿಯಾಗಿ ಕೇಳುವ ದಿನ ಬಂದಾಗ ಸುಳ್ಳಿನ ಮೇಲೆ ಸುಳ್ಳು ಪೋಣಿಸಬೇಡಿ. ಕಥೆ ಹೇಳಿ, ಆಮೇಲೆ ಗುಟ್ಟು ಹೇಳಿ: "ಇನ್ನು ಮೇಲೆ ಆ ಕೆಲಸ ನಿನ್ನದೂ ಹೌದು." ತಮ್ಮನ ದಿಂಬಿನ ಕೆಳಗೆ ಗೊತ್ತಾಗದ ಹಾಗೆ ಒಂದು ಪೆನ್ಸಿಲ್ ಇಡಲು ಹೇಳಿ ನೋಡಿ. ಪಡೆಯುವುದಕ್ಕಿಂತ ಅಡಗಿ ಕೊಡುವುದರಲ್ಲಿ ಮಕ್ಕಳಿಗೆ ಎಷ್ಟು ಖುಷಿ ಎಂದು ನಿಮಗೇ ತಿಳಿಯುತ್ತದೆ.

ನಮ್ಮ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ನೆವ್ರಿ, ಕಿಡ್ಯೊ, ಗುಳಿಯೊ ಮೊದಲಾದ ಕುಸ್ವಾರ್ ತಿಂಡಿ ಮಾಡಿ ತಟ್ಟೆ ತುಂಬಿ ನೆರೆಮನೆಗಳಿಗೆ ಕಳಿಸುತ್ತಾರೆ. ಪಡೆಯುವ ಮನೆಯವರು ಯಾವ ಜಾತಿ, ಯಾವ ಮತ ಎಂದು ಆ ತಟ್ಟೆ ಕೇಳುವುದಿಲ್ಲ. ದೀಪಾವಳಿಗೆ, ಸಂಕ್ರಾಂತಿಗೆ ನಮ್ಮ ತಟ್ಟೆಗಳೂ ಹಾಗೆಯೇ ಹೋಗುತ್ತವೆ. ನಿಕೋಲಾಸರ ಕಿಟಕಿ ನಮಗೇನೂ ಹೊಸದಲ್ಲ.

ಕೊನೆಯದಾಗಿ ಒಂದು ಕೋರಿಕೆ. ಹೊರಡುವಾಗ ಆ ತಾಯಿ ಬಾಗಿಲಲ್ಲಿ ನಿಂತು, "ಇನ್ಮೇಲೆ ಚೀಟಿ ಬಂದ್ರೆ ನಿಮಗೆ ತೋರಿಸ್ತೀನಿ ಅಕ್ಕಾ" ಎಂದಳು. ಸಣ್ಣ ದನಿಯಲ್ಲಿ, ತಾನೇ ತಪ್ಪು ಮಾಡಿದವಳಂತೆ. ಈ ಡಿಸೆಂಬರಿನಲ್ಲಿ ನಿಮ್ಮ ಮಗುವಿನ ಡೈರಿಯಲ್ಲೂ ಅಂಥ ಚೀಟಿ ಬಂದೀತು. ಓದಿಕೊಂಡ ಮೇಲೆ ಪಕ್ಕದ ಮನೆಯಾಕೆಯನ್ನೂ ಒಂದು ಮಾತು ಕೇಳಿ. ನಿಮ್ಮ ಪೊಟ್ಟಣದ ಜೊತೆ ಇನ್ನೊಂದು ಪೊಟ್ಟಣ ಕಟ್ಟಿ ಟೀಚರ ಕೈಗೆ ಕೊಡಿ. ಹೆಸರು ಕೂಗದೆ ಉಳಿದ ಮಗುವಿಗೆ ಅಂತ ಹೇಳಿ. ಅದರ ಮೇಲೆ ನಿಮ್ಮ ಹೆಸರು ಬರೆಯಬೇಡಿ.

ಮಾಡಿ ನೋಡಿ: ಸಿಂಟರ್‌ಕ್ಲಾಸನ ಮಸಾಲೆ ಬಿಸ್ಕತ್ತು

ಹಾಲೆಂಡಿನಲ್ಲಿ ಮಕ್ಕಳ ಬೂಟಿಗೆ ತುಂಬುವ ಕ್ರೌಡ್‌ನೋಟನ್ ಇದು. ಮೊಟ್ಟೆ ಬೇಕಿಲ್ಲ. ಇದಕ್ಕೆ ಹಾಕುವ ದಾಲ್ಚಿನ್ನಿ, ಲವಂಗ, ಮೆಣಸು ಹಿಂದೆ ನಮ್ಮ ಪಶ್ಚಿಮ ಕರಾವಳಿ, ಸಿಂಹಳ ಮತ್ತು ಇಂಡೊನೇಷ್ಯಾದ ದ್ವೀಪಗಳಿಂದ ಡಚ್ಚರ ಹಡಗಿನಲ್ಲಿ ಹೋದವು.

ಬೇಕಾಗುವುದು: ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಬೆಲ್ಲದ ಪುಡಿ ಅಥವಾ ಕಂದು ಸಕ್ಕರೆ 125 ಗ್ರಾಂ, ಬೆಣ್ಣೆ 100 ಗ್ರಾಂ, ಹಾಲು 3-4 ದೊಡ್ಡ ಚಮಚ, ಚಿಟಿಕೆ ಉಪ್ಪು. ಮಸಾಲೆಗೆ ದಾಲ್ಚಿನ್ನಿ ಪುಡಿ 2 ಟೀ ಚಮಚ. ಜಾಯಿಕಾಯಿ, ಲವಂಗ, ಏಲಕ್ಕಿ, ಒಣಶುಂಠಿ ಪುಡಿ ತಲಾ ಕಾಲು ಟೀ ಚಮಚ. ಬಿಳಿ ಮೆಣಸಿನ ಪುಡಿ ಒಂದು ಚಿಟಿಕೆ.

ಮಾಡುವ ವಿಧಾನ: ಮೈದಾ, ಬೇಕಿಂಗ್ ಪೌಡರ್, ಉಪ್ಪು, ಮಸಾಲೆ ಪುಡಿಗಳನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಬೆಲ್ಲದ ಪುಡಿ, ಬೆಣ್ಣೆ ಸೇರಿಸಿ ಬೆರಳಿನಲ್ಲಿ ಉಜ್ಜಿ. ಹಾಲನ್ನು ಸ್ವಲ್ಪಸ್ವಲ್ಪವೇ ಹಾಕಿ ಗಟ್ಟಿಯಾಗಿ ಕಲಸಿ, ಮುಚ್ಚಿ ಒಂದು ಗಂಟೆ ತಣ್ಣಗಿಡಿ. ಗೋಲಿ ಗಾತ್ರದ ಉಂಡೆ ಮಾಡಿ ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಮೆಲ್ಲಗೆ ಒತ್ತಿ. ಓವನ್ನಿನಲ್ಲಿ 170 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಬೇಯಿಸಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು ಅದರ ಮೇಲೆ ತಟ್ಟೆ ಇಡಿ. ಮುಚ್ಚಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಬಿಸಿಯಿದ್ದಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ. ಡಬ್ಬಿಗೆ ತುಂಬುವ ಮುಂಚೆ ಒಂದು ಹಿಡಿ ನಿಮಗೂ ತೆಗೆದಿಡಿ.